ಫೆರ್ಮಾನ ಊಹೆಯನ್ನು ಕೆಡವಿದ ಸಂಖ್ಯೆ

೪೨೯,೪೯,೬೭,೨೯೭ – ಈ ಸಂಖ್ಯೆಯಲ್ಲಿ ಮೇಲುನೋಟಕ್ಕೆ ವಿಶೇಷವೇನೂ ಕಾಣದು. ಆದರೆ ಮಹಾಮೇಧಾವಿಯೊಬ್ಬನ ನಂಬಿಕೆ ಸುಳ್ಳಾದದ್ದು ಇದರಿಂದಲೇ.

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡದಾದ ಪೂರ್ಣಾಂಕವನ್ನು ಅವಿಭಾಜ್ಯವೆನ್ನುತ್ತೇವೆ. ಅವಿಭಾಜ್ಯಗಳನ್ನೇ ಕೊಡುವ ಸೂತ್ರವೊಂದು ಉಂಟೆ? ಫ್ರಾನ್ಸಿನ ತೂಲೂಸ್ ನಗರದ ನ್ಯಾಯಸಭೆಯಲ್ಲಿ ಅಧಿಕಾರಿಯಾಗಿದ್ದು, ಬಿಡುವಿನ ವೇಳೆಯಲ್ಲಿ ಗಣಿತದಲ್ಲಿ ಮಗ್ನನಾಗುತ್ತಿದ್ದ ಪಿಯರ್ ದ ಫೆರ್ಮಾ ೧೬೪೦ರಲ್ಲಿ ಅಂಥದೊಂದು ತನಗೆ ದೊರೆಯಿತೆಂದು ಭಾವಿಸಿದನು. ೨ರ ೧, ೨, ೪, ೮, ೧೬ನೆಯ ಘಾತಗಳನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ೧ನ್ನು ಕೂಡಿಸೋಣ. ಕ್ರಮವಾಗಿ ೩, ೫, ೧೭, ೨೫೭, ೬೫,೫೩೭ ಬರುತ್ತವೆ. ಐದೂ ಅವಿಭಾಜ್ಯಗಳೇ! ೨ರ ೩೨ನೆಯ ಘಾತಕ್ಕೆ ೧ನ್ನು ಕೂಡಿಸಿದರೆ ಬರುವ ಆರನೆಯದೇ ನಮ್ಮ ಸಂಖ್ಯೆ. ಇದೂ ಇದರ ಮುಂದಿನವೂ ಅವಿಭಾಜ್ಯಗಳೆಂದು ಫೆರ್ಮಾ ನಂಬಿದನು. ಆದರೆ ಅದನ್ನು ಸಾಧಿಸಲು ಅವನಿಂದಾಗಲಿಲ್ಲ.

ಇದನ್ನು ನೇರವಾಗಿ ಪರೀಕ್ಷಿಸಬೇಕಾದರೆ, ವರ್ಗಮೂಲವಾದ ಸುಮಾರು ೬೫,೫೩೬ರವರೆಗಿನ ಆರು ಸಾವಿರಕ್ಕೂ ಮಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕಾದೀತು. ೧೭೩೨ರಲ್ಲಿ ಆಯ್ಲರನು ಇದು ೬೪೧ ಮತ್ತು ೬೭,೦೦,೪೧೭ ಇವುಗಳ ಗುಣಲಬ್ಧವೆಂದು ತೋರಿಸಿಕೊಟ್ಟನು. ಈ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವನ್ನೇ ಆಗಲಿ ೬೪ರಿಂದ ಭಾಗಿಸಿದರೆ ೧ ಶೇಷ ಉಳಿಯಲೇಬೇಕೆಂಬುದನ್ನೂ ಅವನೇ ಮುಂದೆ ಸಾಧಿಸಿದನು. ಈ ಜರಡಿಯಲ್ಲಿ ಸೋಸಿದರೆ ೧೯೩, ೨೫೭, ೪೪೯, ೫೭೭ ಇವುಗಳಾದ ಮೇಲೆ ಐದನೆಯ ಪ್ರಯತ್ನಕ್ಕೇ ೬೪೧ ಸಿಕ್ಕಿಬಿಡುತ್ತದೆ.

ದೀರ್ಘ ಭಾಗಾಕಾರವಿಲ್ಲದೆಯೂ ನಾವು ಇದನ್ನು ಮನಗಾಣಬಹುದು. ೬೪೧ ಎಂದರೆ ೬೨೫ ಮತ್ತು ೧೬ರ ಮೊತ್ತ. ಅಂದರೆ ೫ರ ನಾಲ್ಕನೆಯ ಘಾತ ಮತ್ತು ೨ರ ನಾಲ್ಕನೆಯ ಘಾತಗಳ ಮೊತ್ತ. ಇದನ್ನು ೨ರ ೨೮ನೆಯ ಘಾತದಿಂದ ಗುಣಿಸೋಣ. ೫ ಮತ್ತು ೨ರ ಏಳನೆಯ ಘಾತಗಳ ಗುಣಲಬ್ಧ ೬೪೦ ಆದ್ದರಿಂದ, ಮೊದಲನೆಯ ಪದ ೬೪೦ರ ನಾಲ್ಕನೆಯ ಘಾತವಾಗುತ್ತದೆ. ಎರಡನೆಯದು ೨ರ ೩೨ನೆಯ ಘಾತ. ಈ ಮೊತ್ತವು ೬೪೧ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯಷ್ಟೆ. ಇನ್ನು, ೬೪೦ರ ನಾಲ್ಕನೆಯ ಘಾತದಿಂದ ೧ನ್ನು ಕಳೆದರೆ ಬರುವ ಸಂಖ್ಯೆಗೂ ೬೪೦ + ೧, ಎಂದರೆ ೬೪೧, ಒಂದು ಅಪವರ್ತನವೆಂಬುದು ಬೀಜಗಣಿತ ಬಲ್ಲವರಿಗೆ ತಿಳಿದದ್ದೇ. ಮೊದಲನೆಯದರಿಂದ ಇದನ್ನು ಕಳೆದರೆ ಉಳಿಯುವುದು ೨ರ ೩೨ನೆಯ ಘಾತ ಮತ್ತು ೧ರ ಮೊತ್ತ. ಅದೇ ನಮ್ಮ ಸಂಖ್ಯೆ!

ಏಳನೆಯದಕ್ಕೆ ೨,೭೪,೧೭೭ ಭಾಜಕವೆಂದು ಫ್ರಾನ್ಸಿನ ಲಾಂದ್ರಿ ೧೮೮೦ರಲ್ಲಿ ಕಂಡುಹಿಡಿದನು. ಆರನೆಯದರಿಂದ ಮೂವತ್ತಮೂರನೆಯದರವರೆಗೆ ಒಂದೂ ಅವಿಭಾಜ್ಯವಲ್ಲವೆಂದು ಈಗ ಸಿದ್ಧವಾಗಿದೆ. ಮೊದಲಿನ ಐದರ ಹೊರತು ಈ ಸಾಲಿನಲ್ಲಿ ಬೇರೊಂದು ಅವಿಭಾಜ್ಯ ಇದುವರೆಗೆ ಯಾರಿಗೂ ದೊರೆತಿಲ್ಲ. ಐದು ಉದಾಹರಣೆಗಳು ಸರಿಬಂದುವೆಂದು ಆರನೆಯದನ್ನು ನಂಬಿಬಿಡುವ ಮುನ್ನ, ವಿದ್ಯಾರ್ಥಿಮಿತ್ರರು ೬೪೧ನ್ನು ಒಮ್ಮೆ ನೆನೆಯಲಿ.