ಗಾಳಿ ಚಕ್ರದ ಸ್ಕೀ ಪಂಕ್ಚರ್ ಆದರೆ?

ಪ್ರಶ್ನೆ: ಕೆಲವು ರೋಲರ್ ಸ್ಕೀಗಳಿಗೆ ಗಾಳಿ ತುಂಬುವ ಟೈರ್ ಇರುತ್ತದಂತೆ. ನಡುದಾರಿಯಲ್ಲಿ ಪಂಕ್ಚರ್ ಆದರೆ ಏನು ಗತಿ?

ಉತ್ತರ: ಹಿಮವಿಲ್ಲದ ತಿಂಗಳುಗಳಲ್ಲಿ ನಾರ್ವೆ, ಜರ್ಮನಿ, ಆಸ್ಟ್ರಿಯಾದ ಸ್ಕೀ ಪಟುಗಳು ಕಾಲಿಗೆ ಕಟ್ಟಿಕೊಂಡು ರಸ್ತೆಗಿಳಿಯುವುದು ಈ ರೋಲರ್ ಸ್ಕೀಗಳನ್ನೇ. ಹೆಚ್ಚಿನವು ಗಟ್ಟಿ ರಬ್ಬರ್ ಚಕ್ರದವು. ಅವಕ್ಕೆ ಪಂಕ್ಚರಿನ ಭಯವಿಲ್ಲ. ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಸ್ಕೈಕ್, ವಿ2 ಏರೋದಂಥವಕ್ಕೆ ಮಾತ್ರ ಸುಮಾರು 150 ಮಿಲಿಮೀಟರ್ ವ್ಯಾಸದ ಗಾಳಿ ಟೈರು.

ಗಾಜಿನ ಚೂರು, ಮುಳ್ಳು ಮಾಮೂಲಿ ಶತ್ರುಗಳು. ಸೋಮಾರಿತನವೂ ಕಮ್ಮಿಯದಲ್ಲ! ಟ್ಯೂಬು ಪುಟ್ಟದಾದ್ದರಿಂದ ತುಸು ಸೋರಿದರೂ ಒತ್ತಡ ಬೇಗ ಇಳಿಯುತ್ತದೆ. ಆಗ ಕಲ್ಲು ಸಿಕ್ಕರೆ ಟ್ಯೂಬು ರಿಮ್ಮಿನಂಚಿಗೂ ಕಲ್ಲಿಗೂ ನಡುವೆ ನಜ್ಜಾಗಿ ತೂತುಬೀಳುತ್ತದೆ. ಹಾಗಾಗಿ ಪ್ರತಿ ಸಲ ಹೊರಡುವ ಮುನ್ನ ಗಾಳಿ ನೋಡಿಕೊಳ್ಳಬೇಕು.

ರಿಪೇರಿ ಕಷ್ಟದ್ದಲ್ಲ, ಕಿರಿಕಿರಿಯದು. ಇಂಥ ಚಕ್ರಗಳ ರಿಮ್ಮು ಸಾಮಾನ್ಯವಾಗಿ ಬೋಲ್ಟ್ ಹಾಕಿ ಬಿಗಿದ ಎರಡು ಹೋಳು. ಮೊದಲು ವಾಲ್ವ್ ಒತ್ತಿ ಉಳಿದ ಗಾಳಿಯನ್ನೆಲ್ಲ ಹೊರಬಿಡಬೇಕು. ಗಾಳಿಯಿರುವಾಗಲೇ ಬಿಚ್ಚಿದರೆ ಹೋಳುಗಳು ಸಿಡಿದಾವು. ಆಮೇಲೆ ಟೈರಿನ ಒಳಮೈಯಲ್ಲಿ ಹುಷಾರಾಗಿ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಯಬೇಕು. ಹೊಸ ಟ್ಯೂಬಿಗೆ ಒಂದಿಷ್ಟು ಗಾಳಿ ಹೊಡೆದು ಕೂರಿಸಿದರೆ ಬೋಲ್ಟ್ ಬಿಗಿಯುವಾಗ ರಿಮ್ಮಿನ ಸಂದಿಗೆ ಸಿಕ್ಕಿಕೊಳ್ಳುವುದಿಲ್ಲ.

ಪ್ಯಾಚ್ ಹಾಕಬಹುದಲ್ಲ? ಹಾಕಬಹುದು. ಆದರೆ ಇಷ್ಟು ಸಣ್ಣ, ಬಾಗಿದ ಟ್ಯೂಬಿನ ಮೇಲೆ ಅದು ಸರಿಯಾಗಿ ಕೂರುವುದು ಕಷ್ಟ. ಸ್ಪೇರ್ ಟ್ಯೂಬು, ಅಲೆನ್ ಕೀ, ಪುಟ್ಟ ಪಂಪು ಸೊಂಟದ ಚೀಲದಲ್ಲಿರಲಿ.