ಸಿಸಿ ಆಮೇಲೆ, ಮುಂದಿನ ಡಿಫರೆನ್ಷಿಯಲ್ ಮೊದಲು

ದೊಡ್ಡ ಎಟಿವಿಗಳ ಮಾತು ಬಂದರೆ ನಾವೆಲ್ಲ ಮೊದಲು ಕೇಳೋದು "ಎಷ್ಟು ಸಿಸಿ?" ಅಂತ. ಆದರೆ ಸುಮಾರು 300 ಕಿಲೋ ಗಾಡಿ ಕೆಸರಲ್ಲಿ ಹೂತಾಗ ಕೈಹಿಡಿಯೋದು ಮುಂದಿನ ಚಕ್ರಗಳಿಗೆ ಟಾರ್ಕ್ ಹಂಚುವ ರೀತಿ.

ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಕೊಡುತ್ತದೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ, ಗಟ್ಟಿ ನೆಲದಲ್ಲಿರುವ ಇನ್ನೊಂದಕ್ಕೂ ಸಿಗೋದು ಅಷ್ಟೇ ಕಡಿಮೆ ಟಾರ್ಕ್. ಇದಕ್ಕೆ ಮೂರು ಕಂಪನಿಗಳದ್ದು ಮೂರು ಉತ್ತರ:

ಯಮಹಾ ಗ್ರಿಜ್ಲಿ 700: ಸವಾರನೇ ಬಟನ್ ಒತ್ತಿ ಲಾಕ್ ಮಾಡಬೇಕು.

ಪೊಲಾರಿಸ್ ಸ್ಪೋರ್ಟ್ಸ್‌ಮನ್ 850: ಹಿಂದಿನ ಚಕ್ರಗಳು ಜಾರಿದರೆ ಮುಂದಿನ ಎರಡೂ ತಾವಾಗಿ ಸೇರಿಕೊಳ್ಳುತ್ತವೆ.

ಕ್ಯಾನ್-ಆಮ್‌ನ ವಿಸ್ಕೋ-ಲಾಕ್: ಮುಂದಿನ ಎರಡು ಚಕ್ರಗಳ ವೇಗ ಬೇರೆಯಾದಾಗ ಹಂತಹಂತವಾಗಿ ಬಿಗಿಯಾಗುತ್ತದೆ. ಅಂದರೆ ಸ್ವಲ್ಪ ಜಾರಿದ ಮೇಲೆ.

ಹಾಗಾದ್ರೆ ಯಾವಾಗಲೂ ಲಾಕ್ ಇರಲಿ ಅನ್ನೋಣವೇ? ಬೇಡ. ತಿರುವಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಲಾಕ್ ಆಗಿದ್ದರೆ ಹ್ಯಾಂಡಲ್ ಭಾರವಾಗಿ ಗಾಡಿ ನೇರಕ್ಕೇ ಎಳೆಯುತ್ತದೆ. ಮರಗಳ ನಡುವಿನ ಇಳಿಜಾರಲ್ಲಿ ಇದು ಅಪಾಯ.

ಆದ್ದರಿಂದ ಕಾಡುದಾರಿಯೇ ಜಾಸ್ತಿ ಅಂದರೆ ನಮ್ಮ ಆಯ್ಕೆ ಗ್ರಿಜ್ಲಿ: ಲಾಕ್ ನಮ್ಮ ಕೈಯಲ್ಲಿ, ಇಳಿಜಾರಲ್ಲಿ ಎಂಜಿನ್ ಬ್ರೇಕಿಂಗೂ ಚೆನ್ನ. ಕೆಸರೇ ಜಾಸ್ತಿ ಅಂದರೆ ತಾನಾಗಿ ಹಿಡಿಯುವ ಉಳಿದೆರಡರಲ್ಲೊಂದು. ಯಾವುದೇ ಇರಲಿ, ಸಿವಿಟಿಗೆ ಗಾಳಿ ಎಳೆಯುವ ಬಾಯಿ ಎಷ್ಟು ಎತ್ತರದಲ್ಲಿದೆ ನೋಡಿ. ಬೆಲ್ಟ್ ಒದ್ದೆಯಾದರೆ ಯಾವ ಲಾಕೂ ಉಪಯೋಗಕ್ಕೆ ಬರಲ್ಲ.