ಬದುಕಿ ಉಳಿದವಳಿಗೂ ಒಂದು ಕಲ್ಲು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಸಂಚರಿಸಿದವರಿಗೆ ವೀರಗಲ್ಲು, ಮಾಸ್ತಿಕಲ್ಲುಗಳು ಹೊಸವಲ್ಲ. ಕಾಳಗದಲ್ಲಿ ಮಡಿದವನಿಗೂ ಚಿತೆಯೇರಿದವಳಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಆದರೆ ಯುದ್ಧದಲ್ಲಿ ಸೈನಿಕರ ಅತ್ಯಾಚಾರಕ್ಕೆ ಗುರಿಯಾಗಿಯೂ ಬದುಕಿ ಉಳಿದವಳಿಗೆ ಕಲ್ಲು ನೆಟ್ಟವರಾರು? ಅವಳ ಪಾಲಿಗೆ ಬಂದುದು ಮೌನವೊಂದೇ.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೈನ್ಯವು ಕೊರಿಯ, ಚೀನ, ಫಿಲಿಪೈನ್ಸ್ ಮುಂತಾದ ದೇಶಗಳ ಅಸಂಖ್ಯ ತರುಣಿಯರನ್ನು ಕೆಲಸದ ಆಸೆ ತೋರಿಸಿಯೂ ಬಲಾತ್ಕಾರದಿಂದಲೂ ಒಯ್ದು ಲೈಂಗಿಕ ದಾಸ್ಯಕ್ಕೆ ನೂಕಿತು. ಸೈನಿಕರಿಗೆ 'ಸಾಂತ್ವನ' ನೀಡುವವರೆಂಬುದು ಅವರಿಗಿಟ್ಟ ಮೋಸದ ಹೆಸರು. ೧೯೪೨ರ ಮಾರ್ಚಿಯಲ್ಲಿ ಅಂಡಮಾನವು ಜಪಾನಿನ ವಶವಾದ ಮೇಲೆ ಈ ಅನಾಚಾರವು ಭಾರತದ ನೆಲವನ್ನೂ ಮುಟ್ಟಿತು. ಐದು ದಶಕಗಳ ಮೌನವನ್ನು ಮುರಿದವಳು ಕೊರಿಯದ ಕಿಮ್ ಹಾಕ್-ಸುನ್. ೧೯೯೧ರ ಆಗಸ್ಟ್ ೧೪ರಂದು ಆಕೆ ಸ್ವಂತ ಹೆಸರಿನಿಂದಲೇ ಲೋಕದ ಮುಂದೆ ಸಾಕ್ಷಿ ನುಡಿದಳು.

ಆ ಸಾಕ್ಷ್ಯವನ್ನು ಸಾಗರದಾಚೆಗೆ ಕೊಂಡೊಯ್ದವರು ಪರದೇಶದಲ್ಲಿ ನೆಲೆಸಿದ ಆಕೆಯ ದೇಶಬಾಂಧವರು. ಅಮೇರಿಕೆಯ ಗ್ಲೆಂಡೇಲಿನಲ್ಲಿ ೨೦೧೩ರಲ್ಲಿ ಕುಳಿತ ಬಾಲೆಯೊಬ್ಬಳ ಕಂಚಿನ ಪ್ರತಿಮೆ ನಿಂತಿತು. ಅದರ ಪಕ್ಕದಲ್ಲಿ ಒಂದು ಬರಿದಾದ ಕುರ್ಚಿ. ೨೦೧೭ರಲ್ಲಿ ಸಾನ್ ಫ್ರಾನ್ಸಿಸ್ಕೋದ ಚೀನೀಯರೂ ಕೊರಿಯನ್ನರೂ ಕೂಡಿ ಇನ್ನೊಂದು ಸ್ಮಾರಕವನ್ನು ನಿಲ್ಲಿಸಿದರು. ಅದಕ್ಕೆ ಮುನಿದು ಓಸಾಕಾ ನಗರವು ಮರುವರ್ಷ ತನ್ನ ಅರುವತ್ತು ವರ್ಷಗಳ ಸ್ನೇಹಸಂಬಂಧವನ್ನೇ ಕಡಿದುಕೊಂಡಿತು.

೧೯೯೩ರಲ್ಲಿ ಜಪಾನು ಕ್ಷಮೆ ಯಾಚಿಸಿತಲ್ಲವೆ, ೨೦೧೫ರಲ್ಲಿ ಒಪ್ಪಂದವೂ ಆಯಿತಲ್ಲವೆ, ಇನ್ನು ಹಳೆಯ ಗಾಯವನ್ನು ಕೆದಕುವದೇಕೆ ಎಂದು ಕೆಲವರು ಕೇಳುವರು. ಒಪ್ಪಂದವಾದುದು ಎರಡು ಸರಕಾರಗಳ ನಡುವೆ; ನೊಂದ ವೃದ್ಧೆಯರ ಅಭಿಪ್ರಾಯವನ್ನು ಸರಿಯಾಗಿ ಕೇಳಿರಲಿಲ್ಲ. ಸ್ಮರಣೆಯೆಂದರೆ ಜನಾಂಗದ್ವೇಷವೂ ಅಲ್ಲ. ಸೈನ್ಯದ ಕೈವಾಡವನ್ನು ದಾಖಲೆಗಳಿಂದ ೧೯೯೨ರಲ್ಲಿ ಬಯಲಿಗೆಳೆದ ಯೋಶಿಮಿ ಯೋಶಿಯಾಕಿಯವರು ಜಪಾನಿನವರೇ ಆದ ಇತಿಹಾಸಕಾರರು.

ಇದರಲ್ಲಿ ನಮಗೂ ಪಾಠವಿದೆ. ೧೯೪೭ರ ದೇಶವಿಭಜನೆಯಲ್ಲಿ ಅಪಹೃತರಾಗಿ ಮರಳಿದ ಎಷ್ಟೋ ಭಗಿನಿಯರಿಗೆ ಸ್ವಂತ ಮನೆಯ ಬಾಗಿಲೇ ಮುಚ್ಚಿತ್ತು. ಮಾನ ಕಳೆದುಕೊಂಡವನು ಅತ್ಯಾಚಾರಿ, ಅವಳಲ್ಲವೆಂಬ ಸರಳ ಧರ್ಮವನ್ನು ನಾವು ಅಂದು ಮರೆತೆವು. ನಮ್ಮ ಕರಾವಳಿಯ ಮಕ್ಕಳು ಇಂದು ಕೊಲ್ಲಿಯ ನಾಡುಗಳಲ್ಲಿಯೂ ಅದರಾಚೆಗೂ ನೆಲೆಸಿ, ಊರಿನ ಶಾಲೆಗೂ ದೇವಾಲಯ ಮಸೀದಿಗಳಿಗೂ ಉದಾರವಾಗಿ ಹಣ ಕಳಿಸುತ್ತಿರುವರು. ಮನೆಯ ಮುದುಕಿಯರು ಕಂಡುಂಡ ಕಷ್ಟವನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯಕ್ಕೂ ಅವರು ಕೈಹಚ್ಚಲೆಂದು ನಮ್ಮ ಬಿನ್ನಹ. ವಯಸ್ಸು ಯಾರಿಗೂ ಕಾಯುವದಿಲ್ಲ. ಮಾತು ಬರಹಕ್ಕಿಳಿದರೆ ಕಲ್ಲು ನೆಡುವವರು ನಾಳೆಯಾದರೂ ಹುಟ್ಟಿಯಾರು.